ಬ್ಯಾಂಜೋ ನುಡಿಸುವ ಕರಡಿ

ಅಮ್ಮ ಜರ್ಮನಿಗೆ ಬಂದದ್ದು ಮೂರು ತಿಂಗಳ ವೀಸಾದ ಮೇಲೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಪಡೆದು ನಾನು ಇಂಗೋಲ್‌ಸ್ಟಾಟ್‌ಗೆ ಬಂದು ಆಗ ಎರಡು ವರ್ಷವಾಗಿತ್ತು. ಕಾರಿನ ಒಳಗಿನ ಸಾಫ್ಟ್‌ವೇರ್ ಪರೀಕ್ಷಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಗ್ರೀನ್ ಕಾರ್ಡ್ ಅಂದರೆ ಅಮೆರಿಕದ್ದೇ ಎಂದುಕೊಂಡು ಮೈಸೂರಿನ ನೆಂಟರು ಹೊಟ್ಟೆಕಿಚ್ಚು ಪಡುತ್ತಿದ್ದರು. ನಮ್ಮದು ಹಾಗಲ್ಲ, ಕೆಲಸ ಇದ್ದರೆ ಕಾರ್ಡು, ಇಲ್ಲದಿದ್ದರೆ ವಿಮಾನ. ಆ ವರ್ಷ ನಮ್ಮ ಆಫೀಸಿನ ಇಬ್ಬರು ಹಾಗೆಯೇ ಪೆಟ್ಟಿಗೆ ಕಟ್ಟಿದ್ದರು. ನನ್ನ ವೀಸಾ ವಿಸ್ತರಣೆಯ ಅರ್ಜಿಯೂ ಕಚೇರಿಯಲ್ಲಿ ಕೂತಿತ್ತು. ಸಾಲದ್ದಕ್ಕೆ, ಅಮ್ಮನನ್ನು ಕರೆಸುವಾಗ ವಿದೇಶಿಯರ ಕಚೇರಿಯಲ್ಲಿ ಒಂದು ಪತ್ರಕ್ಕೆ ಸಹಿ ಹಾಕಿದ್ದೆ: ಇವರಿಗೆ ಇಲ್ಲಿ ಏನೇ ಆದರೂ ಹೊಣೆ ನನ್ನದು ಎಂದು. ಪೆನ್ನು ಕೊಡುವ ಮುಂಚೆ ಆ ಅಧಿಕಾರಿ "ಎಲ್ಲದಕ್ಕೂ" ಎಂದು ಎರಡು ಸಲ ಹೇಳಿದ್ದರು.

ಅಕ್ಟೋಬರ್‌ನ ಒಂದು ಶನಿವಾರ ಅಮ್ಮನನ್ನು ರೈಲು, ಬಸ್ಸು ಹತ್ತಿಸಿ ಒಂದು ದೊಡ್ಡ ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋದೆ. ಗಿರಗಿರನೆ ತಿರುಗುವ ಯಾವುದನ್ನೂ ಅವಳು ಹತ್ತಲು ಒಪ್ಪಲಿಲ್ಲ. ಚಳಿಗೆ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ನನ್ನ ಹಳೆಯ ಬೂಟು. ಸೆರಗನ್ನು ಕತ್ತಿಗೆ ಎರಡು ಸುತ್ತು ಸುತ್ತಿಕೊಂಡು ತುದಿಯನ್ನು ಬೆನ್ನಿನ ಮೇಲೆ ಬಿಟ್ಟಿದ್ದಳು.

"ಒಳಗೆ ಬೆಚ್ಚಗಿರತ್ತೆ ಬಾಮ್ಮ" ಎಂದು ನಾನೇ ಅಲ್ಲಿನ ಒಂದು ಮರದ ಥಿಯೇಟರಿಗೆ ಎಳೆದುಕೊಂಡು ಹೋದೆ. ಬಾಗಿಲಲ್ಲಿ ಕೌಬಾಯ್ ಟೋಪಿ ಹಾಕಿಕೊಂಡ, ಅಮ್ಮನಷ್ಟೇ ವಯಸ್ಸಿನ ಹೆಂಗಸೊಬ್ಬರು ನಮ್ಮನ್ನು ಒಳಗೆ ಬಿಟ್ಟರು.

ದೀಪ ಆರಿತು. ಪರದೆ ಸರಿದರೆ ವೇದಿಕೆಯ ತುಂಬ ಯಂತ್ರದ ಪ್ರಾಣಿಗಳು. ಪಿಟೀಲು ಹಿಡಿದ ಹಂದಿ, ಬಾಯಲ್ಲಿ ಮೌತ್ ಆರ್ಗನ್ ಸಿಕ್ಕಿಸಿಕೊಂಡ ನರಿ, ಅಂಚಿನಲ್ಲಿ ಪೀಪಾಯಿಯ ಮೇಲೆ ಕೂತು ಬ್ಯಾಂಜೋ ಬಾರಿಸುವ ಆಳೆತ್ತರದ ಕರಡಿ. ಎಲ್ಲಕ್ಕೂ ಟೋಪಿ, ಕೊರಳಿಗೆ ಕೆಂಪು ಕರವಸ್ತ್ರ. ಅಮೆರಿಕದ ದನ ಕಾಯುವವರ ಹಾಡು ಹಾಡುತ್ತ ರೆಪ್ಪೆ ಬಡಿಯುತ್ತಿದ್ದವು. ಪ್ರತಿ ಸಲ ರೆಪ್ಪೆ ಮುಚ್ಚಿದಾಗಲೂ ಟಕ್ ಎಂಬ ಸದ್ದು. ಹಾಡಿನ ನಡುವೆ, ನಮ್ಮ ಪಕ್ಕದ ಗೋಡೆಗೆ ಹೊಡೆದಿದ್ದ ಕಾಡುಕೋಣದ ತಲೆ ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದಾಗ ನಾನು ಕಿಟಾರನೆ ಕಿರುಚಿಕೊಂಡೆ. ಅಮ್ಮ ಮಾತ್ರ ಬಿದ್ದೂ ಬಿದ್ದೂ ನಗುತ್ತಿದ್ದಳು.

"ಆ ಕರಡಿ ನೋಡೇ! ನಮ್ಮ ಭಜನೆ ಮನೆ ಹಾರ್ಮೋನಿಯಂ ಮೇಷ್ಟ್ರ ಥರಾನೇ ಕತ್ತು ಅಲ್ಲಾಡಿಸತ್ತೆ."

ಆಟ ಮುಗಿದು ಜನ ಹೊರಗೆ ಹೋದರು. ಟೋಪಿಯ ಹೆಂಗಸು ಬಾಗಿಲ ಬಳಿ ಯಾರಿಗೋ ದಾರಿ ಹೇಳುತ್ತಿದ್ದರು. ಕರಡಿಯ ಪಕ್ಕ ಅಮ್ಮನ ಒಂದು ಫೋಟೋ ತೆಗೆಯಬೇಕು ಅನ್ನಿಸಿತು ನನಗೆ. ವೇದಿಕೆಯ ಮುಂದೆ ಮಂಡಿಯೆತ್ತರಕ್ಕೆ ಒಂದು ದಪ್ಪ ಹಗ್ಗ ಕಟ್ಟಿದ್ದರು.

"ಸ್ವಲ್ಪ ಹಿಂದೆ ಹೋಗಮ್ಮ, ಕರಡಿ ದೂರ ಆಯ್ತು."

"ಹಗ್ಗ ಇದೆಯಲ್ಲೇ."

"ದಾಟಮ್ಮ, ಏನೂ ಆಗಲ್ಲ. ಯಾರೂ ನೋಡ್ತಿಲ್ಲ."

ಅಮ್ಮ ನಿರಿಗೆ ಎತ್ತಿಕೊಂಡು ಹಗ್ಗ ದಾಟಿದಳು. "ಇನ್ನೊಂಚೂರು" ಅಂದೆ. ಅವಳ ಬೆನ್ನು ಬ್ಯಾಂಜೋಗೆ ತಾಗುವಷ್ಟು ಹತ್ತಿರವಾಯಿತು. ಕ್ಲಿಕ್ ಮಾಡಿದೆ.

ಮುಂದಿನ ಆಟಕ್ಕೆ ಮೊದಲು ಆ ಪ್ರಾಣಿಗಳೆಲ್ಲ ತಮ್ಮ ಮೊದಲಿನ ಭಂಗಿಗೆ ಮರಳಬೇಕು. ದಿನವಿಡೀ ಯಂತ್ರಗಳ ಜೊತೆ ಇರುವ ನನಗೆ ಅದು ಹೊಳೆಯಬೇಕಿತ್ತು. ಹಾಡಿಲ್ಲ, ಸಂಗೀತವಿಲ್ಲ, ಮಂದ ಬೆಳಕಿನಲ್ಲಿ ಎಲ್ಲವೂ ಒಟ್ಟಿಗೆ ತಲೆ ಎತ್ತಿದವು. ಕರಡಿಯ ತೋಳು ನಿಧಾನವಾಗಿ ಮೇಲೇರಿತು. ಅಮ್ಮನ ಸೆರಗಿನ ತುದಿ ಅದರ ಮೊಣಕೈಯ ಸಂದಿಗೆ ಸಿಕ್ಕಿಕೊಂಡಿತ್ತು.

ಅಮ್ಮ ತಮಾಷೆಗೆ ಕತ್ತು ಹಿಂದಕ್ಕೆ ಬಾಗಿಸುತ್ತಿದ್ದಾಳೆ ಎಂದುಕೊಂಡೆ ಮೊದಲು. ಆಮೇಲೆ ಅವಳ ಕೈಗಳನ್ನು ನೋಡಿದೆ. ಎರಡೂ ಕೈಯಲ್ಲಿ ಕುತ್ತಿಗೆಯ ಸುತ್ತನ್ನು ಹಿಡಿದು ಜಗ್ಗುತ್ತಿದ್ದಳು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಬೂಟಿನ ಹಿಮ್ಮಡಿ ನೆಲದಿಂದ ಎದ್ದಿತ್ತು.

ಹಾರಿ ಹೋಗಿ ಬಟ್ಟೆಗೂ ಕತ್ತಿಗೂ ನಡುವೆ ನನ್ನ ಬೆರಳು ತುರುಕಿದೆ. ಕಂಬದ ಮೇಲೆ, ಹತ್ತು ಹೆಜ್ಜೆ ದೂರದಲ್ಲಿ, ಹಳದಿ ಪೆಟ್ಟಿಗೆಯ ಕೆಂಪು ಗುಂಡಿ ಕಾಣುತ್ತಿತ್ತು. ಅದನ್ನು ಒತ್ತಬೇಕಾದರೆ ಬೆರಳು ತೆಗೆಯಬೇಕು. ತೆಗೆದರೆ ಅಮ್ಮನಿಗೆ ಉಸಿರಿಲ್ಲ. ಎರಡು ವರ್ಷ ಕಲಿತ ಜರ್ಮನ್‌ನಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. "ನಿಲ್ಸಿ! ನಿಲ್ಸಿ! ನಮ್ಮಮ್ಮ!" ಎಂದು ಕನ್ನಡದಲ್ಲೇ ಅರಚಿದೆ.

ಟೋಪಿಯ ಹೆಂಗಸು ಓಡಿ ಬಂದು ಗುಂಡಿ ಗುದ್ದಿದರು. ಎಲ್ಲವೂ ನಿಂತಿತು. ಆದರೆ ತೋಳು ನಿಂತದ್ದು ಮೇಲೆಯೇ. ಸೆರಗು ಸಡಿಲವಾಗಲಿಲ್ಲ. ಅಮ್ಮನ ಮುಖ ಕಪ್ಪಿಡುತ್ತಿತ್ತು, ನನ್ನ ಬೆರಳು ಮರಗಟ್ಟಿತ್ತು. ಆ ಹೆಂಗಸು ಜೇಬಿನಿಂದ ರಟ್ಟಿನ ಡಬ್ಬ ಕತ್ತರಿಸುವ ಬ್ಲೇಡು ತೆಗೆದು ಅಮ್ಮನ ಕಿವಿಯ ಹಿಂದಕ್ಕೆ ತಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಪರ್ ಎಂದು ಬಟ್ಟೆ ಹರಿದ ಸದ್ದು. ಅಮ್ಮ ನನ್ನ ಮೇಲೆಯೇ ಕುಸಿದಳು. ಆಮೇಲೆ ಕೆಮ್ಮಿದಳು. ಅಷ್ಟು ಒಳ್ಳೆಯ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಅಮ್ಮನ ಕುತ್ತಿಗೆಗೆ ಮುಲಾಮು ಹಚ್ಚಿದರು, ಬೆಳಕು ಬಿಟ್ಟು ಗಂಟಲು ನೋಡಿದರು, ಅಪಾಯವಿಲ್ಲ ಅಂದರು. ಆಗ ಆ ಹೆಂಗಸು ಟೋಪಿ ತೆಗೆದಿಟ್ಟು ಒಂದು ಫಾರಂ ಮುಂದಿಟ್ಟುಕೊಂಡರು. ಪ್ರೊಟೊಕೋಲ್ ಬರೆಯಬೇಕು, ಅಂದರೆ ಏನಾಯಿತೋ ಅದರ ವರದಿ.

"ಹಗ್ಗ ದಾಟಿ ಅಂತ ಅವರಿಗೆ ಯಾರು ಹೇಳಿದ್ದು?" ಎಂದು ಜರ್ಮನ್‌ನಲ್ಲಿ ಕೇಳಿದರು.

ಅಮ್ಮ ನೀರಿನ ಲೋಟ ಹಿಡಿದು ಮಂಚದ ಮೇಲೆ ಕೂತಿದ್ದಳು. ನನ್ನ ಕಣ್ಣ ಮುಂದೆ ಬಂದದ್ದು ಅವಳಲ್ಲ. ನಾನು ಸಹಿ ಹಾಕಿದ ಪತ್ರ, ಕಚೇರಿಯಲ್ಲಿ ಕೂತಿದ್ದ ಅರ್ಜಿ. ಥಿಯೇಟರಿನಲ್ಲಿ ಸಿಗದ ಜರ್ಮನ್ ಈಗ ತಪ್ಪಿಲ್ಲದೆ ಬಂತು: "ಯಾರೂ ಹೇಳಲಿಲ್ಲ. ಅವರಾಗಿಯೇ ದಾಟಿದರು. ಅವರಿಗೆ ಭಾಷೆ ಗೊತ್ತಿಲ್ಲ. ನಾನು ಬೇರೆ ಕಡೆ ನೋಡುತ್ತಿದ್ದೆ."

ಅವರು ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾವನ್ನು ಒಂದು ಕ್ಷಣ ನೋಡಿದರು. ಆಮೇಲೆ ಬರೆದುಕೊಂಡರು. ನಾನು ಸಹಿ ಹಾಕಿದೆ.

ಆಮೇಲಿನ ಮೂರು ವಾರ ಆಫೀಸಿನಿಂದ ಬಂದವಳೇ ಮೊದಲು ಅಂಚೆ ಪೆಟ್ಟಿಗೆ ತೆರೆಯುತ್ತಿದ್ದೆ. ಪೊಲೀಸರ ಪತ್ರ ಬಂದರೆ? ಕಂಪನಿಗೆ ಗೊತ್ತಾದರೆ? ಅಮ್ಮನ ಕುತ್ತಿಗೆಯ ಗುರುತು ನೇರಳೆಯಿಂದ ಹಳದಿಗೆ ತಿರುಗಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು, ಎಸ್ಕಲೇಟರ್ ಕಂಡರೆ ಮೆಟ್ಟಿಲು ಹುಡುಕುತ್ತಿದ್ದಳು. ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಕೊನೆಗೆ ಪಾರ್ಕಿನಿಂದ ಪತ್ರ ಬಂತು. ನಿಘಂಟು ಇಟ್ಟುಕೊಂಡು ಎರಡು ಸಲ ಓದಿದೆ. ತಾಯಿಯವರು ಹೇಗಿದ್ದಾರೆ, ಆದದ್ದಕ್ಕೆ ವಿಷಾದವಿದೆ, ಹಗ್ಗ ತೆಗೆದು ಎದೆಯೆತ್ತರದ ಕಟಕಟೆ ಹಾಕಿಸಿದ್ದೇವೆ. ಅಷ್ಟೇ. ಅಡುಗೆಮನೆಯಲ್ಲಿ ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಅಲ್ಲೇ ನಿಂತು ಹೇಳಿಬಿಟ್ಟೆ.

"ಅಮ್ಮ, ಆವತ್ತು ಅವರು ಕೇಳ್ದಾಗ ತಪ್ಪೆಲ್ಲ ನಿನ್ನದೇ ಅಂದುಬಿಟ್ಟೆ."

ಅವಳು ಲಟ್ಟಣಿಗೆ ನಿಲ್ಲಿಸಲಿಲ್ಲ. "ಗೊತ್ತಿತ್ತು. ಮಾತಾಡೋವಾಗ ನನ್ನ ಕಡೆ ಒಂದು ಸಲಾನೂ ನೋಡ್ಲಿಲ್ಲ ನೀನು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನಂಗೂ ಒಂದು ಸುಳ್ಳು ಹೇಳ್ತಿದ್ದೆ. ಅಷ್ಟು ಹೆದರಿದ್ದೆ ನೀನು."

ನಾನು ಅತ್ತೆ. ನಿಜವನ್ನು ಈಗಲೇ ಬರೆದು ಕಳಿಸುತ್ತೇನೆ ಅಂದೆ.

"ಬರಿ" ಅಂದಳು ಅಮ್ಮ. ಚಪಾತಿಯನ್ನು ಕಾವಲಿಗೆ ಹಾಕಿ, "ವೀಸಾ ಬಂದ್ಮೇಲೆ ಬರಿ" ಎಂದು ಸೇರಿಸಿದಳು.

ಅಮ್ಮ ಮೈಸೂರಿಗೆ ಹಿಂದಿರುಗಿದ ಮೇಲೆ, ಡಿಸೆಂಬರ್‌ನಲ್ಲಿ ನನ್ನ ವೀಸಾ ಬಂತು. ಅದೇ ವಾರ ಕೂತು, ಟೋಪಿಯ ಹೆಂಗಸಿಗೆ ಕೊಡಿ ಎಂದು ಪಾರ್ಕಿನ ವಿಳಾಸಕ್ಕೆ ನಿಜವನ್ನೆಲ್ಲ ಒಂದು ಪುಟ ಬರೆದು ಕಳಿಸಿದೆ. ಆ ಹೊತ್ತಿಗೆ ಚಳಿಗಾಲಕ್ಕೆಂದು ಪಾರ್ಕು ಮುಚ್ಚಿತ್ತು. ಉತ್ತರ ಬರಲಿಲ್ಲ.