ಊರಿನವರ ಹೆಸರಿಗೆ ಒಂದೊಂದು ಲೋಟ

ಆಕ್ಲೆಂಡಿನ ಅಂಚಿನ ನಮ್ಮ ಪಾಪಕುರಾದ ಕನ್ನಡದವರು ಈ ಪ್ರಸಂಗವನ್ನು ಹೇಳುವ ರೀತಿಯೊಂದಿದೆ. ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ ಮೊಸರನ್ನದ ಹೊತ್ತಿಗೆ ಒಬ್ಬರು ಶುರು ಮಾಡುತ್ತಾರೆ: "ಆ ರೊಮೇನಿಯಾ ಆಂಟಿ ಬರ್ತ್‌ಡೇ ಅಂತ ಕರೆದು ತಿಥಿ ಊಟ ಹಾಕಿಸಿದ್ರಲ್ಲ!" ಎಲ್ಲರೂ ನಗುತ್ತಾರೆ. ಕೊನೆಗೆ ಇನ್ನೊಬ್ಬರು, "ಪಾಪ, ವಯಸ್ಸಾಗಿದೆ, ತಲೆ ಸ್ವಲ್ಪ ಹಾಗೆ" ಎಂದು ಷರಾ ಬರೆಯುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಆಂಟಿ ಯಾರನ್ನೂ ಬರ್ತ್‌ಡೇಗೆ ಕರೆದಿರಲಿಲ್ಲ. ಆ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರು ಒಬ್ಬರಿದ್ದರೆ ಮುಂದೆ ಬರಲಿ. ಅವರು ಹೇಳಿದ್ದು ಇಷ್ಟೇ: "ಶನಿವಾರ ನಮ್ಮೂರಿನವರಿಗಾಗಿ ಅಡುಗೆ ಮಾಡ್ತೀನಿ, ಬಂದು ಊಟ ಮಾಡಿ." ಬರ್ತ್‌ಡೇ ಮಾಡಿದ್ದು ನಾವು. ಇನ್ನು ತಲೆಯ ವಿಷಯ. ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವಳು ನಾನು. ದಿನಾ ಸಂಜೆ ಆ ತಲೆಯೊಂದಿಗೆ ವಾದಕ್ಕಿಳಿದು ಸೋಲುತ್ತಿದ್ದವಳೂ ನಾನೇ.

ಸೋಲುವುದು ನನಗೆ ಅಭ್ಯಾಸವಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪರವಾಗಿ ಮಾತಾಡು ಎಂದರೆ ಪರ, ವಿರುದ್ಧ ಎಂದರೆ ವಿರುದ್ಧ. ಇಲ್ಲಿಗೆ ಬಂದ ಮೇಲೆ ಸಿಕ್ಕ ಕೆಲಸವೂ ಅಂಥದ್ದೇ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು. ಸಂಜೆ ರೈಲಿಳಿದು ಮನೆಗೆ ನಡೆದು ಬಂದರೆ ಆಂಟಿ ಗೇಟಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಆ ಬೆಂಚನ್ನು ಅವರೇ ಹಾಕಿಸಿದ್ದು. ಅವರ ಊರಿನಲ್ಲಿ ಪ್ರತಿ ಗೇಟಿನ ಮುಂದೂ ಒಂದು ಬೆಂಚಂತೆ; ಕೆಲಸ ಮುಗಿದ ಮೇಲೆ ಬೀದಿಗೆ ಬೀದಿಯೇ ಹೊರಗೆ ಬಂದು ಕೂರುವುದಂತೆ. ಪಾಪಕುರಾದಲ್ಲಿ ಹಾಗೆ ಕೂರುವವರು ಇವರೊಬ್ಬರೇ. ದಾರಿಹೋಕರು ಅದನ್ನು ಬಸ್‌ಸ್ಟಾಪ್ ಎಂದುಕೊಂಡು ಪಕ್ಕದಲ್ಲಿ ಕೂತು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. "ಇಲ್ಲಿ ಬಸ್ಸು ಬರಲ್ಲ. ಕೂತ್ಕೊಳ್ಳಿ," ಎನ್ನುತ್ತಿದ್ದರು ಆಂಟಿ. ಕೆಲವರು ನಿಜಕ್ಕೂ ಕೂರುತ್ತಿದ್ದರು.

ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಅವರದು ಪುಟ್ಟ ಪುಟ್ಟ ವಾಕ್ಯಗಳ ಇಂಗ್ಲಿಷು, ನಡುನಡುವೆ ದೀರ್ಘ ಮೌನ. ಆ ಮೌನಗಳಲ್ಲೇ ಆ ಊರು ನನ್ನೊಳಗೆ ಬೆಳೆದದ್ದೆಂದು ಈಗ ಅನಿಸುತ್ತದೆ. ಬೆಟ್ಟದ ಬುಡದಲ್ಲಿ ಒಂದು ಸಣ್ಣ ಊರು. ಪಕ್ಕದ ಗುಡ್ಡದ ಒಳಗೆಲ್ಲ ಉಪ್ಪು. ಮಳೆಯಾದ ಮರುದಿನ ಹೊಳೆ ಬಿಳಿಚಿಕೊಂಡು ಹರಿಯುತ್ತದೆ, ದನಗಳು ದಡದ ಕಲ್ಲುಗಳನ್ನು ನೆಕ್ಕುತ್ತಾ ನಿಲ್ಲುತ್ತವೆ. ಸುತ್ತ ಪ್ಲಮ್ ತೋಟಗಳು. ವಿದ್ಯುತ್ ಕಂಬದ ನೆತ್ತಿಯ ಮೇಲೆ ಕೊಕ್ಕರೆಯ ಗೂಡು, ಗಾಡಿಯ ಚಕ್ರದಷ್ಟು ಅಗಲ. ಕಾಡಿನ ಕಡೆಯಿಂದ ಮಠದ ಗಂಟೆ ಕೇಳಿಸುತ್ತದೆ, ಆದರೆ ಗಾಳಿ ಬೀಸಿದ ದಿನ ಮಾತ್ರ. ಸಂಜೆ ಹುನುವಾ ಗುಡ್ಡಗಳ ಮೇಲೆ ಮಂಜು ಇಳಿಯುವಾಗ ಆಂಟಿ ಕೈಯೆತ್ತಿ, "ಅದರ ಹಿಂದೆ ಉಪ್ಪಿನ ಗುಡ್ಡ," ಎನ್ನುತ್ತಿದ್ದರು. ಅದರ ಹಿಂದೆ ಆಕ್ಲೆಂಡಿನ ಕುಡಿಯುವ ನೀರಿನ ಜಲಾಶಯಗಳಿವೆ ಎಂದು ನನಗೆ ಗೊತ್ತಿತ್ತು. ಆದರೂ ಒಂದು ಕ್ಷಣ ನಾಲಿಗೆಯ ಮೇಲೆ ಉಪ್ಪು ಬರುತ್ತಿತ್ತು.

ನಾನೇನು ಸುಮ್ಮನೆ ನಂಬುವವಳಲ್ಲ. ಫೋನಿನಲ್ಲಿ ಹುಡುಕಿದೆ. ಊರು ಇತ್ತು. ಮೇಲಿಂದ ತೆಗೆದ ಉಪಗ್ರಹದ ಚಿತ್ರದಲ್ಲಿ ಅರ್ಧ ಊರಿನ ಮೇಲೆ ಒಂದು ಮೋಡ ನಿಂತಿತ್ತು. ಆಂಟಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, ಮೋಡದ ಮೇಲೆ ಬೆರಳಿಟ್ಟು, "ನಮ್ಮ ಮನೆ ಇದರ ಕೆಳಗೆ," ಎಂದರು. ಅದನ್ನು ಅಲ್ಲಗಳೆಯುವುದು ಹೇಗೆ?

ಊರಿನ ಬಗ್ಗೆ ಒಂದು ಪುಟ್ಟ ಟಿಪ್ಪಣಿಯೂ ಸಿಕ್ಕಿತು. ಅದರ ಕೊನೆಯಲ್ಲಿ ಅಲ್ಲಿ ಹುಟ್ಟಿದ ಪ್ರಸಿದ್ಧರ ಸಾಲು. ಮೊದಲು ಒಬ್ಬ ಸೇನಾಪತಿ.

"ಅವನಾ?" ಆಂಟಿ ಮೂಗು ಮುರಿದರು. "ಅವರಮ್ಮ ಯಾರದೋ ಮದುವೆಗೆ ಬಂದಿದ್ದಳು. ಅಲ್ಲೇ ಹೆರಿಗೆ ಆಯ್ತು. ಮದುವೆ ಊಟ ಮುಗಿಸ್ಕೊಂಡು ಮಗೂನ ಎತ್ಕೊಂಡು ಹೋದಳು. ಅವನು ಮತ್ತೆ ಬರಲೇ ಇಲ್ಲ."

"ಹುಟ್ಟಿದ್ದಂತೂ ನಿಜ ತಾನೇ?"

"ನೆಗಡಿ ಕೂಡ ಅಲ್ಲೇ ಹುಟ್ಟುತ್ತೆ."

ಎರಡನೆಯವಳು ಒಬ್ಬ ಆಪೆರಾ ಗಾಯಕಿ. ಅವಳನ್ನು ಆಂಟಿ ಒಪ್ಪಿದರು. ಪ್ರತಿ ವರ್ಷ ಪ್ಲಮ್ ಹಣ್ಣಿನ ಕಾಲಕ್ಕೆ ಬಂದು ಚಿಕ್ಕಮ್ಮನ ಮನೆಯ ಬೆಂಚಿನ ಮೇಲೆ ಕೂರುತ್ತಿದ್ದಳಂತೆ. ಎದುರು ಸಾಲಿನವರೆಲ್ಲ ಅಕ್ರೋಟು ಒಡೆಯುವ ನೆಪದಲ್ಲಿ ಹೊರಗೆ ಬಂದು ಕಾಯುತ್ತಿದ್ದರು, ಈಗ ಹಾಡಿಯಾಳು, ಈಗ ಹಾಡಿಯಾಳು ಎಂದು. ಅವಳು ಒಂದು ಸಲವೂ ಹಾಡಲಿಲ್ಲ. ಕತ್ತಲಾಗುವವರೆಗೆ ಬೀದಿಯಲ್ಲಿ ಅಕ್ರೋಟಿನ ಸಿಪ್ಪೆ ಸಿಡಿಯುವ ಸದ್ದು ಮಾತ್ರ. ಮೂರನೆಯವನು ಪತಂಗಗಳ ಬಗ್ಗೆ ಸಂಶೋಧನೆ ಮಾಡಿದವನು. ತೋಟದಲ್ಲಿ ಬಿಳಿ ಬಟ್ಟೆ ಕಟ್ಟಿ ಹಿಂದೆ ದೀಪ ಹಚ್ಚುತ್ತಿದ್ದನಂತೆ. ಮಕ್ಕಳು ಮುಂದೆ ಸಾಲಾಗಿ ಕೂತು, ಬಟ್ಟೆಯ ಮೇಲೆ ಬಂದು ಕೂರುವ ರೆಕ್ಕೆಗಳನ್ನು ಸಿನಿಮಾದಂತೆ ನೋಡುತ್ತಿದ್ದರಂತೆ. ಊರಿಗೆ ಚಿತ್ರಮಂದಿರ ಬಂದದ್ದು ಆಮೇಲೆ. ಅದು ಇಷ್ಟು ಚೆನ್ನಾಗಿರಲಿಲ್ಲ ಎಂದರು ಆಂಟಿ.

"ಆದರೆ ಸ್ಟೇಷನ್ ಮಾಸ್ಟರ್ ಎಲ್ಲಿ?" ಎಂದು ಫೋನನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. ಸೇತುವೆಯ ಮೇಲೆ ಯಾರಾದರೂ ಓಡಿ ಬರುವುದು ಕಂಡರೆ ಅವನು ರೈಲನ್ನು ಬಿಡುತ್ತಿರಲಿಲ್ಲವಂತೆ. ಆ ರೈಲಿಗೆ ಗಡಿಯಾರ ಹೊಂದಿಸಿಕೊಂಡ ಊರು ಯಾವಾಗಲೂ ತುಸು ತಡ. "ಅವನಿಲ್ಲದ ಪಟ್ಟಿ ಎಂಥ ಪಟ್ಟಿ?"

"ಪ್ರಸಿದ್ಧರು ಅನ್ನೋದಕ್ಕೆ ಒಂದು ಮಾನದಂಡ ಬೇಕಲ್ಲ ಆಂಟಿ?" ಎಂದೆ, ಚರ್ಚೆಯ ವೇದಿಕೆಯ ಮೇಲೆ ನಿಂತವಳ ಹಾಗೆ.

"ಇದೆ. ಯಾರ ಹೆಸರಲ್ಲಿ ಇನ್ನೂ ಯಾರಾದರೂ ಲೋಟ ಕೊಡ್ತಾರೋ ಅವರು."

ಲೋಟದ ಕಥೆ ಕೇಳಿದ್ದು ಆಗಲೇ. ಅವರಲ್ಲಿ ಹಿರಿಯರ ಶನಿವಾರಗಳೆಂದು ಇವೆ, ನಮ್ಮ ಮಹಾಲಯದ ಹಾಗೆ. ಸತ್ತವರ ಹೆಸರಿನಲ್ಲಿ ಒಂದು ಮಣ್ಣಿನ ಲೋಟ, ಅದರ ಹಿಡಿಗೆ ಸಿಕ್ಕಿಸಿದ ಮೇಣದಬತ್ತಿ, ಬಳೆಯಾಕಾರದ ಒಂದು ಬ್ರೆಡ್ಡು, ಒಂದಿಷ್ಟು ಊಟ. ಇವನ್ನು ಬದುಕಿರುವವರ ಕೈಗೆ ಕೊಡಬೇಕು. ಇದು ಪೊಮಾನಾ. ತೆಗೆದುಕೊಂಡವರು "ಬೊಗ್ದಾಪ್ರೊಸ್ತೆ" ಎನ್ನಬೇಕು, ದೇವರು ಅವರನ್ನು ಮನ್ನಿಸಲಿ ಎಂದು. ಹಾಗೆ ಇಲ್ಲಿ ಕೈಯೆತ್ತಿ ಕೊಟ್ಟದ್ದಷ್ಟೇ ಅಲ್ಲಿ, ಸತ್ತವರ ಲೋಕದಲ್ಲಿ, ಅವರ ಮೇಜಿನ ಮೇಲೆ ಬರುತ್ತದೆ. ಯಾರೂ ಏನೂ ಕೊಡದಿದ್ದರೆ ಬರಿಯ ಮೇಜು, ಕತ್ತಲೆಯಲ್ಲಿ.

"ಹಾಗಾದ್ರೆ ನಿಮಗೆ ಯಾರು ಕೊಡ್ತಾರೆ?" ಎಂದು ಕೇಳಿದ್ದೂ ನಾನೇ. ವಾದದ ಓಟದಲ್ಲಿ ಬಂದ ಪ್ರಶ್ನೆ. ಆಂಟಿ ಬೀದಿಯ ಕೊನೆಯನ್ನು ನೋಡುತ್ತಾ ಕೂತರು.

ಉತ್ತರ ಕೆಲವು ವಾರಗಳ ಮೇಲೆ ತಾನಾಗಿಯೇ ತಿಳಿಯಿತು. ದೂರದ ಟೌರಂಗಾ ಪಟ್ಟಣದಲ್ಲಿ ಆಸ್ಪತ್ರೆಯ ಕೆಲಸದಲ್ಲಿರುವ ಮಗಳು ಬಂದಿದ್ದಳು. ಊರಿನಲ್ಲಿ ಆಂಟಿಗೆ ತಮ್ಮವರೆಂದು ಯಾರೂ ಉಳಿದಿಲ್ಲ, ಇರುವವಳು ಇವಳೊಬ್ಬಳು. ಅಡುಗೆಮನೆಯಲ್ಲಿ ತಾಯಿ ಕೇಳಿದರು, ನನ್ನ ಕಾಲ ಮುಗಿದ ಮೇಲೆ ಪೊಮಾನಾ ಮಾಡ್ತೀಯಾ ಎಂದು. ನಾನು ಅಲ್ಲೇ ಇದ್ದೇನೆಂದು ಇಂಗ್ಲಿಷಿನಲ್ಲೇ ಕೇಳಿದರು, ನನ್ನನ್ನು ಸಾಕ್ಷಿಯಾಗಿ ಇಟ್ಟುಕೊಂಡವರಂತೆ. ಮಗಳು ತಾಯಿಯ ಕೈ ಹಿಡಿದುಕೊಂಡೇ ಹೇಳಿದಳು: "ಅಮ್ಮಾ, ಹೂವು ತರ್ತೀನಿ. ನಿನ್ನ ನೆನೆಸಿಕೊಂಡು ಅಳ್ತೀನಿ. ಇದನ್ನ ಮಾತ್ರ ಕೇಳಬೇಡ. ನಂಬದೆ ಮಾಡಿದರೆ ಅದು ನಾಟಕ. ನಿನ್ನ ಹೆಸರಲ್ಲಿ ನಾಟಕ ಆಡಲ್ಲ."

ನಿಜ ಹೇಳಬೇಕೆಂದರೆ, ತೀರ್ಪುಗಾರ್ತಿಯಾಗಿದ್ದರೆ ನಾನು ಅಂಕವನ್ನು ಮಗಳಿಗೇ ಕೊಡುತ್ತಿದ್ದೆ. ಪ್ರಾಮಾಣಿಕವಾದ ವಾದ. ಆಂಟಿ ತಲೆಯಾಡಿಸಿದರು. ಮಗಳ ಕಾರು ತಿರುವು ದಾಟಿದ ಮೇಲೆ, "ಬದುಕಿರುವಾಗಲೇ ತಮಗೆ ತಾವೇ ಕೊಟ್ಟುಕೊಳ್ಳೋದೂ ಉಂಟು, ನಮ್ಮೂರಲ್ಲಿ," ಎಂದರು. "ಹಿಂದೆ ಯಾರೂ ಇಲ್ಲದವರು ಕೊಡ್ತಾರೆ. ಆದರೆ ತಗೊಳ್ಳೋರು ಬೇಕು."

"ನಾನಿದೀನಲ್ಲ?"

"ನಿನಗೆ ಕೊಟ್ಟರೆ ನೀನು ಲೋಟದ ಜೊತೆ ವಾದ ಮಾಡ್ತೀಯ." ನಕ್ಕರು. "ನಿಮ್ಮವರನ್ನ ಕರೀತೀನಿ. ದೇವರಿಗೆ ಹೆದರೋ ಜನ."

ಅವರ ಊರಿನಲ್ಲಿ ಆ ಶನಿವಾರ ಎಲೆ ಉದುರುವ ಕಾಲದ್ದು. ಇಲ್ಲಿ ವಸಂತ, ಹಿತ್ತಲಿನ ಪ್ಲಮ್ ಮರದ ಬಿಳಿ ಹೂ ಆಗಷ್ಟೇ ಮುಗಿದು ಹಸಿರು ಕಾಯಿ ಕಚ್ಚಿತ್ತು. ಹಿಂದಿನ ದಿನವೇ ಆಂಟಿ ಗೋಧಿ ಬೇಯಿಸಿ, ಸಕ್ಕರೆ ಅಕ್ರೋಟು ಬೆರೆಸಿ, ಗುಡ್ಡೆ ಮಾಡಿ ತಟ್ಟಿ, ಮೇಲೆ ಸಕ್ಕರೆ ಪುಡಿಯನ್ನು ಮಂಜಿನ ಹಾಗೆ ಉದುರಿಸಿದ್ದರು. ಲೋಟಗಳು ಮೇಜಿನ ಮೇಲೆ ಸಾಲಾಗಿದ್ದವು. ಬೆಂಕಿಪೊಟ್ಟಣ ಮುಗಿದಿದೆ ಎಂದು ನನ್ನನ್ನು ಬೀದಿ ಮೂಲೆಯ ಚಿಲ್ಲರೆ ಅಂಗಡಿಗೆ ಓಡಿಸಿದರು. ಅಷ್ಟರಲ್ಲಿ ನಮ್ಮವರು ಬಂದಾಗಿತ್ತು. ನಾನು ಗೇಟು ತೆರೆಯುವಾಗ ಒಳಗಿನಿಂದ ಹಾಡು ಕೇಳಿಸಿತು, ಹ್ಯಾಪಿ ಬರ್ತ್‌ಡೇ, ಚಪ್ಪಾಳೆ ಸಮೇತ.

ಬಿಳಿಯ ಗುಡ್ಡೆ, ಅದರ ನಡುವೆ ಮೇಣದಬತ್ತಿ, ವಯಸ್ಸಾದ ಬಿಳಿಯ ಆಂಟಿ, ಸಾಲಾಗಿ ಉಡುಗೊರೆಗಳು. ನಮ್ಮವರಿಗೆ ಬೇರೇನು ಹೊಳೆಯಬೇಕಿತ್ತು? ಯಾರೋ ಲೈಟರಿನಿಂದ ಬತ್ತಿಯನ್ನೂ ಹಚ್ಚಿದ್ದರು. ನಾನು ಬಾಗಿಲಲ್ಲೇ "ಅಯ್ಯೋ, ನಿಲ್ಸಿ" ಎಂದೆ. ಆಂಟಿ ನನ್ನತ್ತ ಕೈಯೆತ್ತಿ, ಬೇಡ ಎಂದು ಸನ್ನೆ ಮಾಡಿದರು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿಸಿಕೊಂಡರು. "ನಮ್ಮ ಚರ್ಚಿನಲ್ಲೂ ಎಲ್ಲರೂ ಹೀಗೇ, ಒಬ್ಬೊಬ್ಬರು ಒಂದೊಂದು ಶ್ರುತಿ," ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ಹಾಡು ಮುಗಿದದ್ದೇ ಒಂದು ಮಗು ಉಫ್ ಎಂದು ಬತ್ತಿ ಆರಿಸಿತು. ಆಂಟಿ ಮಗುವಿನ ಕೆನ್ನೆ ಸವರಿ, ಮತ್ತೆ ಹಚ್ಚಿದರು.

ಧಾರವಾಡದ ಅಂಕಲ್ ಮೊದಲ ಚಮಚಕ್ಕೇ ಹಿಗ್ಗಿಹೋದರು. "ಏ, ಇದು ನಮ್ಮ ಗೋದಿ ಹುಗ್ಗಿ ಅದರೀ! ಬೆಲ್ಲದ ಬದ್ಲಿ ಸಕ್ರಿ ಹಾಕ್ಯಾರ, ಅಷ್ಟ."

ಆಂಟಿ ಒಂದೊಂದೇ ಲೋಟದ ಬತ್ತಿ ಹಚ್ಚಿ, ಅದು ಯಾರ ಹೆಸರಿನದೆಂದು ಹೇಳಿ ಒಬ್ಬೊಬ್ಬರ ಕೈಗಿಟ್ಟರು. ತೆಗೆದುಕೊಳ್ಳುವಾಗ ಏನು ಹೇಳಬೇಕೆಂದು ಕಲಿಸಿದರು. ಎಲ್ಲರೂ ಅದು ಅವರ ಭಾಷೆಯ ಥ್ಯಾಂಕ್ಸ್ ಎಂದುಕೊಂಡು, ನಗುತ್ತಾ, "ಬೊಗ್ದಾಪ್ರೊಸ್ತೆ, ಬೊಗ್ದಾಪ್ರೊಸ್ತೆ" ಎಂದರು. "ರಿಟರ್ನ್ ಗಿಫ್ಟ್ ಎಷ್ಟು ಮುದ್ದಾಗಿದೆ ನೋಡ್ರೀ," ಎಂದರು ಮೈಸೂರಿನ ಆಂಟಿ, ಲೋಟ ತಿರುಗಿಸಿ ನೋಡುತ್ತಾ. ಹಗಲು ಬೆಳಕಿನಲ್ಲಿ ಅಷ್ಟೂ ಪುಟ್ಟ ಜ್ವಾಲೆಗಳು, ಇವೆಯೋ ಇಲ್ಲವೋ ಎಂಬಂತೆ. ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಗಾಯಕಿ ಇದ್ದಳು, ಪತಂಗದವನಿದ್ದ. ಊರಿಗೆ ಊರೇ ಬಂದು ನಮ್ಮವರ ಕೈಗಳಲ್ಲಿ ಕೂತ ಹಾಗೆ ನನಗೆ ಕಂಡಿತು. ಏನನ್ನೂ ನಂಬದ ನನಗೆ.

"ನಂದು ಯಾರೋ ಸ್ಟೇಷನ್ ಮಾಸ್ಟರ್‌ದು ಅಂದ್ರಲ್ಲ," ಎಂದು ಧಾರವಾಡದ ಅಂಕಲ್ ಇಂಗ್ಲಿಷಿಗೆ ತಿರುಗಿ ಕೇಳಿದರು, "ಅವರು ಇನ್ನೂ ಬರೋರಿದಾರಾ?"

"ಇಲ್ಲ. ಸತ್ತು ಬಹಳ ಕಾಲ ಆಯ್ತು."

"ಓ. ಸಾರಿ. ಮತ್ತೆ ಇವರದು?"

"ಅದು ನನ್ನ ತಾಯಿ. ಸತ್ತಿದ್ದಾಳೆ."

ಅಂಕಲ್ ಮೇಜಿನ ಮೇಲೆ ಉಳಿದಿದ್ದ ಒಂದೇ ಲೋಟವನ್ನು ನೋಡಿದರು. ಕೇಳಬಾರದಿತ್ತು, ಕೇಳಿದರು. "ಅದು?"

"ಅದು ನಂದು," ಎಂದರು ಆಂಟಿ, ಪ್ರಸನ್ನವಾಗಿ. "ಆಮೇಲಿಗೆ."

ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಅದನ್ನೂ ಹೇಳಬೇಕು. ಕನ್ನಡ ಮಾತ್ರ ಇದ್ದಕ್ಕಿದ್ದಂತೆ ಪಿಸುಗುಟ್ಟತೊಡಗಿತು. "ತಿಥಿ ಸಾಮಾನು ಕಣ್ರೀ ಇದು. ಮನೇಲಿ ಚಿಕ್ಕ ಮಕ್ಕಳಿದಾರೆ, ಹೆಂಗೆ ತಗೊಂಡ್ಹೋಗೋದು?" ಎಂದರು ಮೈಸೂರಿನ ಆಂಟಿ. "ನೀ ಮೊದ್ಲ ಹೇಳಬಾರದೇನವಾ?" ಎಂದು ಧಾರವಾಡದ ಅಂಕಲ್‌ನ ಹೆಂಡತಿ ನನ್ನನ್ನು ತಿವಿದು, ಗಂಡನ ಕಡೆ ಕಣ್ಣು ಬಿಟ್ಟರು. ಅಂಕಲ್ ತಟ್ಟೆಯಿಂದ ತಲೆಯೆತ್ತದೆ, "ಹುಗ್ಗಿ ಏನ್ ತಪ್ಪ್ ಮಾಡ್ಯದ?" ಎಂದು ಇನ್ನೊಂದು ಚಮಚ ಬಡಿಸಿಕೊಂಡರು. ಆದರೆ ಹೊರಡುವಾಗ ಅವರೂ ಉಳಿದವರಂತೆ, ಶೂ ಹಾಕಿಕೊಳ್ಳುವ ನೆಪದಲ್ಲಿ ಲೋಟವನ್ನು ವರಾಂಡದ ಕಟ್ಟೆಯ ಮೇಲಿಟ್ಟು ಮರೆತುಹೋದರು. ಕಾರುಗಳು ಒಂದೊಂದಾಗಿ ಹಿಂದೆ ಸರಿದು ಬೀದಿಗೆ ಇಳಿದವು.

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಾವಿನ ಮನೆಯ ವಸ್ತು ತಮ್ಮ ಮಕ್ಕಳ ಮೇಲೆ ಪರಿಣಾಮ ಮಾಡೀತು ಎಂದು ಅವರು ನಿಜವಾಗಿ ನಂಬಿದ್ದರು. ಆಂಟಿ ಹುಡುಕಿದ್ದೂ ಅಂಥ ನಂಬುವ ಜನರನ್ನೇ. ನಂಬಿಕೆಯಿದ್ದುದರಿಂದಲೇ ಅವರು ಬಿಟ್ಟುಹೋದರು. ಊಟದ ಮನೆಗಳಲ್ಲಿ ಕಥೆ ಹೇಳುವವರು ನುಂಗಿಕೊಳ್ಳುವುದು ಈ ಭಾಗವನ್ನು.

ಸೂರ್ಯ ಇನ್ನೂ ಇಳಿದಿರಲಿಲ್ಲ. ಆಂಟಿ ವರಾಂಡಕ್ಕೆ ಬಂದು ಕಟ್ಟೆಯ ಮೇಲಿನ ಸಾಲನ್ನು ನೋಡಿದರು. ಕೆಲವು ಬತ್ತಿಗಳು ಇನ್ನೂ ಉರಿಯುತ್ತಿದ್ದವು. ಅವರ ಮುಖದಲ್ಲಿ ಕೋಪವಿರಲಿಲ್ಲ. ಗಾಡಿ ತಪ್ಪಿದವರು ಖಾಲಿ ಹಳಿಯನ್ನು ನೋಡುವಂತೆ ನೋಡಿದರು. "ಇವರೆಲ್ಲರಿಗೂ ಹಿಂದೆ ಬಹಳ ಸಲ ಕೊಟ್ಟಾಗಿದೆ. ಅವರಿಗೆ ಹಸಿವಿಲ್ಲ," ಎಂದರು. ಅವರದೇ ಲೋಟವೊಂದು ಉಳಿದಿತ್ತು. ಅದು ಒಳಗೆ ಮೇಜಿನ ಮೇಲೆಯೇ ಇತ್ತು, ಬತ್ತಿ ಹಚ್ಚದೆ.

ನನ್ನನ್ನು ಅವರು ಕೇಳಲಿಲ್ಲ. ನಾನೇ ಹೋಗಿ ಅದನ್ನು ತಂದು ಅವರ ಕೈಗಿತ್ತೆ, ಬತ್ತಿ ಹಚ್ಚಿದೆ, ಆಮೇಲೆ ಎರಡೂ ಕೈ ಚಾಚಿದೆ. ಆಂಟಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆಯೇ, ವಾದಕ್ಕೆ ಇಳಿದಿದ್ದೇನೆಯೇ ಎಂದು ಅಳೆದಿರಬೇಕು. ಕೊನೆಗೆ ಕೊಟ್ಟರು. ಮಣ್ಣು ತಣ್ಣಗಿತ್ತು, ಎಣಿಸಿದ್ದಕ್ಕಿಂತ ಭಾರವಿತ್ತು. ನಾನು ಹೇಳಬೇಕಾದ ಮಾತನ್ನು, ಒಂದಕ್ಷರವೂ ತಪ್ಪದಂತೆ, ಹೇಳಿದೆ. ಹೇಳುವಾಗ ಒಳಗೆ ಯಾವ ದೇವರೂ ಇರಲಿಲ್ಲ, ಯಾವ ಮೇಜೂ ಇರಲಿಲ್ಲ. ಅವರೊಬ್ಬರು ಇದ್ದರು. ಅವರು ತುಟಿ ಅಲುಗಿಸಿ ಏನೋ ಅಂದುಕೊಂಡು ವರಾಂಡದ ಮೆಟ್ಟಿಲ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಸುಮ್ಮನಿರಬಹುದಿತ್ತು. ಆಗಲಿಲ್ಲ.

"ಆಂಟಿ, ನಂಬದೇ ಇರೋಳು ತಗೊಂಡ್ರೂ ಅದು ನಿಮಗೆ ತಲುಪುತ್ತಾ?"