ಐದೂವರೆಯ ಪದ

ಸಂಜೆ ಐದೂವರೆಗೆ ನಮ್ಮ ಅಡುಗೆಮನೆಯಿಂದ ಒಂದು ಪ್ರಶ್ನೆ ಹೊರಟು ಮಹಡಿ ಹತ್ತಿ ಬರುತ್ತದೆ. "ರೀ, ಇಲ್ಲೊಬ್ಬಳು ತನ್ನ ಕರಡಿ ಗೊಂಬೆ ಯಾರಿಗೂ ಕೊಡಲ್ಲ, ಯಾರಾದ್ರೂ ಅದರ ಕಡೆ ನೋಡಿದ್ರೂ ಮುಖ ಊದಿಸ್ಕೋತಾಳೆ. ಇದಕ್ಕೆ ಇಂಗ್ಲಿಷಲ್ಲಿ ಒಂದೇ ಪದ ಹೇಳಿ!"

ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ನನ್ನ ಹೆಂಡತಿ ವಸುಧಾ ಪುಟ್ಟ ಮಕ್ಕಳ ಡೇಕೇರ್ ನಡೆಸುತ್ತಾಳೆ. ಪ್ರತಿ ಮಗುವಿನ ದಿನ ಹೇಗೆ ಕಳೆಯಿತೆಂದು ಸಂಜೆ ಅದರ ಹೆತ್ತವರಿಗೆ ಬರೆದು ಕಳಿಸಬೇಕು. ಅವರೋ ಮೀಟಿಂಗುಗಳ ನಡುವೆ ಓದುವವರು. ಆದ್ದರಿಂದ ಪದ ಚಿಕ್ಕದಾಗಿರಬೇಕು, ಸತ್ಯವಾಗಿರಬೇಕು, ಪ್ರಿಯವೂ ಆಗಿರಬೇಕು. 'ಮೊಂಡು ಮಗು' ಎಂದು ಬರೆದರೆ ಮಗು ಮರುದಿನ ಬೇರೆ ಡೇಕೇರಿನಲ್ಲಿರುತ್ತದೆ. ಅದನ್ನೇ 'ಡಿಟರ್ಮಿನ್ಡ್' ಎಂದರೆ ಅಪ್ಪ ಅಜ್ಜಿಗೆ ಫೋನ್ ಮಾಡಿ ಹೇಳಿಕೊಳ್ಳುತ್ತಾನೆ.

ಈ ಪದಗಳ ಏಕಮಾತ್ರ ಸರಬರಾಜುದಾರ ನಾನಾಗಿದ್ದೆ. ಹೆಚ್ಚಿನ ದಿನ ಮಹಡಿಯ ರೂಮಿನಲ್ಲೇ ಕೂತು ಕಂಪ್ಯೂಟರ್ ಚಿಪ್‌ಗಳ ವಿನ್ಯಾಸದಲ್ಲಿ ತಪ್ಪು ಹುಡುಕುವುದು ನನ್ನ ವೃತ್ತಿ. ಸಂಶಯಪಡುವುದನ್ನು ವಿಶ್ವವಿದ್ಯಾಲಯದಲ್ಲಿ ಶಾಸ್ತ್ರೋಕ್ತವಾಗಿ ಕಲಿತು, ಈಚೆಗೆ ಆ ವಿದ್ಯೆಯನ್ನು ನನ್ನ ನೆನಪಿನ ಮೇಲೆಯೇ ಪ್ರಯೋಗಿಸುತ್ತಿರುವವನು. ಆದರೂ ಐದೂವರೆಗೆ ಮೆಟ್ಟಿಲಿಳಿದು ಪದವೊಂದನ್ನು ಪ್ರಸಾದದಂತೆ ಕೊಡುವಾಗ, ದಿನವಿಡೀ ಎಂಜಿನಿಯರನಾಗಿದ್ದವನು ಒಂದು ಗಳಿಗೆ ಕವಿಯಾಗುತ್ತಿದ್ದೆ.

ಹೀಗಿರುವಾಗ ಏಪ್ರಿಲಿನಲ್ಲಿ ಸೀತಾರಾಮಯ್ಯನವರು ಬಂದರು. ರಿಯಾ ಎಂಬ ಮಗುವಿನ ತಾತ. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದವರು. ಮೊಮ್ಮಗಳನ್ನು ಕರೆದೊಯ್ಯಲು ಐದೂಕಾಲಿಗೇ ಬಾಗಿಲಲ್ಲಿ ಹಾಜರಾಗುತ್ತಿದ್ದರು. ಒಂದು ಸಂಜೆ ನಾನು ಮೆಟ್ಟಿಲ ನಡುವಿನಲ್ಲಿದ್ದಾಗ ಕೆಳಗಿನಿಂದ ವಸುಧಾಳ ದನಿ ಕೇಳಿತು.

"ಮೇಷ್ಟ್ರೇ, ಒಂದೊಂದು ಬಟಾಣೀನೂ ತಿರುಗಿಸಿ ತಿರುಗಿಸಿ ನೋಡಿ ತಿಂತಾನೆ. ಒಂದೇ ಪದ?"

"ಫಾಸ್ಟಿಡಿಯಸ್, ತಾಯಿ."

ಎಷ್ಟು ಸಲೀಸು! ಅವಳು ಕಿಲಕಿಲ ನಕ್ಕಳು. ಆಮೇಲೆ ಅವರಿಗೆ ಕಾಫಿ ಕೊಟ್ಟಳು, ನನ್ನ ಲೋಟದಲ್ಲಿ.

ಓದುಗರೇ, ಹೊಟ್ಟೆಕಿಚ್ಚಿಗೆ ಘನವಾದ ಕಾರಣ ಬೇಕೆಂದು ನೀವು ನಂಬಿದ್ದರೆ ನನ್ನನ್ನು ನೋಡಿ: ತಲೆ ಅರ್ಧ ನರೆತ ಗೃಹಸ್ಥನೊಬ್ಬ, ತಲೆ ಪೂರ್ತಿ ನರೆತ ಮತ್ತೊಬ್ಬ ಗೃಹಸ್ಥರ ಮೇಲೆ, ಒಂದು ವಿಶೇಷಣಕ್ಕಾಗಿ ಕುದಿಯುತ್ತಿದ್ದ. ರಾತ್ರಿಯೆಲ್ಲ ಹುಡುಕಿದರೂ ಸಿಗದ ನನ್ನ ಪದ ಮರುದಿನ ಆಫೀಸಿಗೆಂದು ಸಾಂಟಾ ಕ್ಲಾರಾಕ್ಕೆ ಹೋಗುವ ಫ್ರೀವೇಯಲ್ಲಿ, ನಿಂತ ಕಾರುಗಳ ನಡುವೆ ಹೊಳೆಯಿತು. ಕೂಡಲೇ ಫೋನ್ ಮಾಡಿದೆ. "ಡಿಸರ್ನಿಂಗ್!"

"ಏನು? ಓ, ನಿನ್ನೆ ಬಟಾಣಿದಾ? ಅದನ್ನ ನಿನ್ನೇನೇ ಕಳಿಸಿ ಆಯ್ತಲ್ಲ ರೀ. ಫೋನ್ ಇಡಿ, ಇಲ್ಲೊಬ್ಬಳು ಬಣ್ಣ ತಿಂತಿದಾಳೆ."

ಒಂದು ಶನಿವಾರ, ಅವಳ ಹೊಸ ಟ್ಯಾಬ್ಲೆಟ್ಟಿಗೆ ಹಳೆಯ ಟಿಪ್ಪಣಿಗಳನ್ನು ಸಾಗಿಸುವ ನೆಪದಲ್ಲಿ ಸಾಕ್ಷ್ಯ ಸಂಗ್ರಹಕ್ಕೆ ಕುಳಿತೆ. ಪುಟಗಟ್ಟಲೆ ತಿರುವಿದರೂ ನನ್ನ ಪದ ಕಾಣಲಿಲ್ಲ. ಮೇಷ್ಟ್ರ ಪದವೂ ಇರಲಿಲ್ಲ. ಇದ್ದದ್ದು ಅವಳ ಸರಳ ಇಂಗ್ಲಿಷಿನ ಪೂರ್ತಿ ವಾಕ್ಯಗಳು: ಇವತ್ತು ಕರಡಿಯನ್ನು ಯಾರಿಗೂ ಕೊಡಲಿಲ್ಲ, ಆದರೆ ನಾಲ್ಕು ಗಂಟೆಗೆ, ಯಾರೂ ಕೇಳದಿದ್ದಾಗ, ತಾನೇ ತಂದು ರಿಯಾಳ ಮಡಿಲಲ್ಲಿಟ್ಟು ಓಡಿಹೋದಳು. ಇಂಥದ್ದನ್ನು ಒಂದೇ ಪದಕ್ಕೆ ಇಳಿಸಲು ಇಷ್ಟು ಕಾಲ ಹೆಣಗಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟೂ ಬಂತು.

"ಬರೆಯೋದೇ ಇಲ್ಲ ಅಂದ್ಮೇಲೆ ನನ್ನ ಯಾಕೆ ಕೇಳ್ತಿದ್ದೆ?"

"ಕೇಳದೇ ಇದ್ರೆ ನೀವು ಆ ರೂಮಿಂದ ಇಳೀತಿದ್ರಾ? ಪದ ಹೇಳೋಕೆ ಬಂದು ಮಕ್ಕಳ ಜೊತೆ ಹತ್ತು ನಿಮಿಷ ಕೂತಿರ್ತಿದ್ರಿ. ನಗ್ತಿದ್ರಿ."

"ಮತ್ತೆ ಮೇಷ್ಟ್ರನ್ನ?"

"ಪಾಪ, ಇಡೀ ದಿನ ಖಾಲಿ ಮನೇಲಿ ಅವರ ಹತ್ರ ಯಾರು ಮಾತಾಡ್ತಾರೆ?" ಎಂದವಳು ನನ್ನ ಮುಖ ನೋಡಿದಳು. "ಅಯ್ಯೋ ರಾಮ! ಇದಕ್ಕೂ ಹೊಟ್ಟೆಕಿಚ್ಚಾ?"

"ಛೇ ಛೇ, ಸುಮ್ಮನೆ ಕುತೂಹಲ" ಎಂದೆ.

ಒಂದು ವಿಷಯವನ್ನು ಮಾತ್ರ ಅವಳಿಗೆ ಹೇಳಿಲ್ಲ. ಆ ಟಿಪ್ಪಣಿಗಳಲ್ಲಿ ಒಂದೇ ಒಂದು ಕಡೆ, ಅಳದೆ ಆಡದೆ ಕಿಟಕಿಯ ಬಳಿ ನಿಂತು ರಸ್ತೆ ನೋಡುತ್ತಿದ್ದ ಮಗುವಿನ ಬಗ್ಗೆ, 'ವಿಸ್ಟ್‌ಫುಲ್' ಎಂದಿತ್ತು, ಏನನ್ನೋ ಹಂಬಲಿಸುವ ಸಣ್ಣ ಬೇಸರ. ತಾರೀಕು ಜೂನಿನದು. ಆ ಪದವನ್ನು ಮೆಟ್ಟಿಲ ಮೇಲಿಂದ ನಾನೇ ಹೇಳಿದ್ದು ಸ್ಪಷ್ಟವಾಗಿ ನೆನಪಿದೆ. ಬಾಗಿಲಲ್ಲಿ ನಿಂತ ಮೇಷ್ಟ್ರು, ತಾವೂ ರಸ್ತೆಯ ಕಡೆ ನೋಡುತ್ತ, ಅದನ್ನು ಮೆಲ್ಲಗೆ ಹೇಳಿದ್ದು ಕೂಡ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಕೇಳಿದರೆ ವಸುಧಾ ಹೇಳಿಯಾಳು. ನಾನು ಕೇಳಿಲ್ಲ.

ಮೇಷ್ಟ್ರು ಊರಿಗೆ ಮರಳಿದ್ದಾರೆ. ನಿನ್ನೆ ಐದೂವರೆಗೆ ಮತ್ತೆ ಕರಡಿಯ ಪ್ರಶ್ನೆ ಮಹಡಿ ಹತ್ತಿತು. ಪದ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಮತ್ತೆ ಮೇಲೆ ಹೋಗಬೇಕಾಗುತ್ತದಲ್ಲ ಎಂದು ಇಳಿದು ಬಂದು ಕೊನೆಯ ಮೆಟ್ಟಿಲಲ್ಲಿ ಸುಮ್ಮನೆ ಕುಳಿತೆ. ಕರಡಿಯ ಒಡತಿ ನನ್ನನ್ನು ಅನುಮಾನದಿಂದ ನೋಡಿ ಅದನ್ನು ಇನ್ನಷ್ಟು ಅವುಚಿಕೊಂಡಳು. ಹತ್ತು ನಿಮಿಷ ಕಳೆಯಿತು.

"ಏನ್ರೀ, ಇನ್ನೂ ಸಿಗಲಿಲ್ವಾ?" ವಸುಧಾ ಬಟ್ಟಲು ತೊಳೆಯುತ್ತಲೇ ಅಂದಳು. "ಮೇಷ್ಟ್ರಿದ್ದಿದ್ರೆ ಇಷ್ಟೊತ್ತಿಗೆ ಹೇಳಿ, ಕಾಫಿ ಕುಡಿದು, ಹೋಗಿರ್ತಿದ್ರು."

"ಪೊಸೆಸಿವ್" ಎಂದುಬಿಟ್ಟೆ.