ಎರಡನೇ ಮಗ್ಗುಲು

ಬರ್ಮಿಂಗ್‌ಹ್ಯಾಮಿನ ನಾರ್ಮನ್ ಟ್ಯಾಪ್ಲಿಯ ಅಂಗಡಿಯಲ್ಲಿ ಹಳೆಯ ರಾಕ್ ಸಂಗೀತದ ರೆಕಾರ್ಡು ಕೊಳ್ಳುವುದು ಸುಲಭ, ನಡುವಿನ ಒಂದೇ ಹಾಡನ್ನು ಹಾಕಿಸಿ ಕೇಳುವುದು ಮಾತ್ರ ಯಾರಪ್ಪನ ಕೈಯಲ್ಲೂ ಆಗದ ಕೆಲಸ. “ಮೂರನೇ ಹಾಡು ಬೇಕಾ? ಮೊದಲೆರಡು ಕೇಳು, ಅದು ತಾನಾಗೇ ಬರತ್ತೆ,” ಎಂದು ಗಿರಾಕಿಯ ಕೈಗೆ ಚಹಾ ಕೊಟ್ಟು ಕೂರಿಸಿಬಿಡುತ್ತಾನೆ. ಅವನ ಪ್ರಕಾರ ಮೊದಲ ಹಾಡು ಬಾಗಿಲು ತಟ್ಟಬೇಕು. ರೆಕಾರ್ಡಿನ ಮೊದಲ ಮಗ್ಗುಲಿನ ಕೊನೆಯ ಹಾಡು ಕೂತವರನ್ನು ಎಬ್ಬಿಸಿ, ಎರಡನೇ ಮಗ್ಗುಲಿಗೆ ಅದನ್ನು ಮಗುಚಿ ಹಾಕಿಸಬೇಕು. ಫೋನಿನಲ್ಲಿ ಹಾಡುಗಳನ್ನು ಹಿಂದುಮುಂದು ಮಾಡಿ ಕೇಳುವವರನ್ನು ಕಂಡರೆ, “ಪುಡ್ಡಿಂಗ್ ತಿಂದ್ಮೇಲೆ ಸೂಪ್ ಕುಡಿಯೋ ಜನ ಕಣ್ರಯ್ಯ ನೀವು,” ಎಂದು ಸಿಡುಕುತ್ತಾನೆ. ಹೆಂಡತಿ ಡೋರಿನ್‌ಳನ್ನು ಮಣ್ಣು ಮಾಡಿದ ದಿನವೂ ಪಾದ್ರಿಯನ್ನು ಪಕ್ಕಕ್ಕೆ ಕರೆದು, “ಇಷ್ಟು ದೊಡ್ಡ ಹಾಡನ್ನ ಮೊದಲೇ ಹಾಡಿಬಿಟ್ರೆ ಪೆಟ್ಟಿಗೆ ಎತ್ತೋವಾಗ ಏನ್ ಹಾಡ್ತೀರಿ ಪಾದ್ರಿಗಳೇ?” ಎಂದು ಕ್ರಮ ಬದಲಿಸಿದವನು. ಆದರೆ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮಾತ್ರ ಅವನ ಮಾತು ಅವನ ಮೇಲೇ ನಡೆಯುವುದಿಲ್ಲ. ಮೊದಲ ಮಗ್ಗುಲು ಮುಗಿದು ಪ್ಲೇಯರಿನ ಮುಳ್ಳು ಸುಮ್ಮನೆ ಕರಕರ ಎನ್ನುತ್ತಿದ್ದರೂ ಅವನು ಕೂತಲ್ಲಿಂದ ಮಿಸುಕುವುದಿಲ್ಲ. ಒಮ್ಮೆ ತಾನು ಬೇಯಿಸಿದ ಸೇಬಿನ ಪೈ ಕೊಡಲು ಬಂದ ಪಕ್ಕದ ಮನೆಯ ಗ್ಲೆನಿಸ್, “ಮಗುಚಿ ಹಾಕಬಾರ್ದೇನೋ ಮಾರಾಯ?” ಎಂದು ತಾನೇ ಕೈಚಾಚಿದಳು. “ಬೇಡ ಗ್ಲೆನಿಸ್, ಅದು ಡೋರಿನ್ ಕೆಲಸ,” ಎಂದು ತಡೆದ ನಾರ್ಮನ್, ಮುಳ್ಳನ್ನೆತ್ತಿ ಮತ್ತೆ ಮೊದಲ ಹಾಡಿನ ಮೇಲೆಯೇ ಇಟ್ಟ.